ಎಂಟುನೂರು ನೂರ ಅರವತ್ತಾದ ದಿನ

ಫೆಬ್ರವರಿ 3

ತಮ್ಮಾ,

ಫೋನು ಇರುವಾಗ ಅಕ್ಕನಿಗೇನು ಕಾಗದ ಬರೆಯುವ ಹುಚ್ಚು ಎಂದು ಹುಬ್ಬೇರಿಸಬೇಡ. ನಮ್ಮ ಹೊಲಿಗೆ ಅಂಗಡಿ ಇರುವುದೇ ಎಂಟಡಿ ಅಗಲ. ನಾನು ಯಂತ್ರದ ಮುಂದೆ, ಅಪ್ಪ ನನ್ನ ಬೆನ್ನ ಹಿಂದೆ ಗುಂಡಿಗಳಿಗೆ ಕಾಜ ಮಾಡುತ್ತಾ. ನಾನು ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ. ಮೆಸೇಜು ಕಳಿಸೋಣವೆಂದರೆ ಫೋನು ಅಂಗಡಿಯದು, ಗಿರಾಕಿಗಳು ಕಳಿಸಿದ ಅಳತೆ ನೋಡಲು ಅವರೇ ತೆಗೆಯುತ್ತಾರೆ. ಅಲ್ಲದೆ ನಾವಿಬ್ಬರೂ ಫೋನಿನಲ್ಲಿ ಮಾತಿಗೆ ಕೂತರೆ ಮೂರನೇ ಮಾತಿಗೆ ಜಗಳ. ಕಾಗದದಲ್ಲಾದರೆ ಜಗಳ ನಿನ್ನನ್ನು ಮುಟ್ಟುವ ಹೊತ್ತಿಗೆ ತಣ್ಣಗಾಗಿರುತ್ತದೆ. ನೀನೂ ಕಾಗದವನ್ನೇ ಬರಿ, ಮನೆಯ ವಿಳಾಸಕ್ಕೆ ಹಾಕು. ಅಂಗಡಿಗೆ ಬೇಡ.

ವಿಷಯ ಇಷ್ಟು. ಊರಿನ ಬ್ಯಾಂಡಿನವರು ಬಂದಿದ್ದರು. ನಲವತ್ತು ಕೋಟು ಬೇಕಂತೆ, ಕಡುನೀಲಿ ಉಣ್ಣೆ ಬಟ್ಟೆ, ಮೈಗೆ ಅಂಟಿದಂತೆ ಕೂರಬೇಕು. ಇಂಥ ಆರ್ಡರು ನಮ್ಮ ಬಾಗಿಲಿಗೆ ಬಂದು ಎಷ್ಟು ಕಾಲವಾಯಿತು! ಹೊಲಿಯುವುದನ್ನು ನಾನು ಹೊಲಿಯುತ್ತೇನೆ. ಆದರೆ ಕೋಟು ಕತ್ತರಿಸುವ ಕೈ ನನ್ನದಲ್ಲ, ಅಪ್ಪನದು. ಅಪ್ಪ ಬಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿದರು, ನನಗೆ ಆಸೆ ಚಿಗುರಿತು. ಮರುಕ್ಷಣವೇ ಕೈ ಹಿಂದಕ್ಕೆಳೆದುಕೊಂಡು, "ಬೇಡ ಕಣಮ್ಮ. ಇಷ್ಟು ಬೆಲೆಯ ಬಟ್ಟೆ. ನನ್ನ ತಲೆ ದಾರದ ಕಂಪನಿ ಜೊತೇಲೇ ಮುಳುಗೋಯ್ತು" ಎಂದರು.

ಮತ್ತೆ ಅದೇ ದಾರದ ಕಂಪನಿ. ನಿನಗೆ ನೆನಪಿದೆಯಲ್ಲ, ಯಂತ್ರಕ್ಕೆ ಎಷ್ಟು ವೇಗ ಕೊಟ್ಟರೂ ಈ ದಾರ ತುಂಡಾಗುವುದಿಲ್ಲ, ಇಂಥ ದಾರ ಮಾಡುವವರು ಸುಳ್ಳರಿರಲಾರರು ಎಂದು ಹೇಳಿ ಅಪ್ಪ ಆ ಕಂಪನಿಯ ನೂರು ಷೇರು ಕೊಂಡದ್ದು. ಒಂದೊಂದಕ್ಕೆ ನಾನೂರು ಕೊಟ್ಟಿದ್ದರು. ಎಂಟುನೂರಕ್ಕೆ ಏರಿದಾಗ ರಾಜನ ಹಾಗೆ ನಡೆಯುತ್ತಿದ್ದರು. ಒಂದು ಬೆಳಗ್ಗೆ ಪತ್ರಿಕೆಯಲ್ಲಿ ನೂರ ಅರವತ್ತು ಚಿಲ್ಲರೆ ಎಂದು ಬಂತು. ಎದುರಿನ ಬೀಗದಂಗಡಿಯಿಂದ ದೊಡ್ಡಪ್ಪ ಬಂದು, "ಏನಪ್ಪ ಷೇರು ಸಾಹುಕಾರ, ಸೂಜಿ ಹಿಡಿಯೋ ಕೈಗೆ ಇದೆಲ್ಲ ಬೇಕಿತ್ತಾ?" ಎಂದರು. ಅವತ್ತಿನಿಂದ ಅಪ್ಪ ಬೆಲೆಯ ಪುಟ ತೆರೆದಿಲ್ಲ, ದುಬಾರಿ ಬಟ್ಟೆಗೆ ಕತ್ತರಿ ಇಟ್ಟಿಲ್ಲ. ಮನೆಗೆ ಬಕೆಟ್ಟು ತರುವುದಿದ್ದರೂ, "ನನ್ನನ್ನ ಕೇಳಬೇಡಿ" ಎನ್ನುತ್ತಾರೆ. ಕಂಪನಿಯಿಂದ ಬರುವ ದಪ್ಪ ಲಕೋಟೆಗಳನ್ನಂತೂ ಮೊದಲಿನಿಂದಲೂ ಓದಿದವರಲ್ಲ. ಅದು ಒಳ್ಳೆಯ ಗಟ್ಟಿ ಕಾಗದವಂತೆ, ಒಳಗಿನದರ ಸಮೇತ ಕಾಲರಿನ ಅಚ್ಚು ಕತ್ತರಿಸುತ್ತಾರೆ.

ಈಗ ಆ ಷೇರು ಮಾರಿಬಿಡು, ಪೀಡೆ ತೊಲಗಲಿ ಎನ್ನುತ್ತಿದ್ದಾರೆ. ಬ್ಯಾಂಡಿನವರು ತಿಂಗಳ ಕೊನೆಯವರೆಗೆ ಕಾಯುತ್ತಾರೆ. ನೀನು ಪತ್ರಿಕಾ ಕಚೇರಿಯ ಗ್ರಂಥಾಲಯದಲ್ಲಿ ಕೂತು ಹಳೆಯ ಸಂಚಿಕೆಗಳ ಧೂಳು ಹೊಡೆಯುತ್ತೀಯಲ್ಲ, ಅಪ್ಪ ಕೊಂಡ ದಿನದಿಂದ ಇವತ್ತಿನವರೆಗೆ ಬೆಲೆ ಹೇಗೆ ನಡೆದಿದೆ ನೋಡಿ ಬರಿ. ಅವರು ಮುಳುಗಿದ್ದು ಎಷ್ಟು ಆಳಕ್ಕೆ ಎಂದಾದರೂ ಗೊತ್ತಾಗಲಿ.

ನಿನ್ನ ಅಕ್ಕ


ಫೆಬ್ರವರಿ 9

ಅಕ್ಕಾ,

ನಿನ್ನ ಕೈಬರಹ ನೋಡಿ ಯಾರೋ ತೀರಿಕೊಂಡರೇನೋ ಎಂದು ಹೆದರಿಬಿಟ್ಟೆ. ಇನ್ನು ಮುಂದೆ ಲಕೋಟೆಯ ಹೊರಗೆ "ಎಲ್ಲರೂ ಚೆನ್ನಾಗಿದ್ದೇವೆ" ಎಂದು ಬರೆದೇ ಕಳಿಸು.

ಹಳೆಯ ಸಂಪುಟಗಳು ಮೇಲಿನ ಅಟ್ಟದಲ್ಲಿವೆ. ಏಣಿ ಹತ್ತಿ, ಸೀನಿ ಸೀನಿ ಮೂಗು ಟೊಮೇಟೊ ಮಾಡಿಕೊಂಡು ನೋಡಿದೆ. ಅಪ್ಪ ಕೊಂಡ ದಿನ ನಾನೂರು, ಸರಿಯಾಗಿದೆ. ಆಮೇಲೆ ಐನೂರು, ಆರುನೂರ ಐವತ್ತು, ಎಂಟುನೂರ ಐದು. ಮಾರನೇ ದಿನ ನೂರ ಅರವತ್ಮೂರು! ಒಂದೇ ರಾತ್ರಿಯಲ್ಲಿ ಅಕ್ಕಾ, ಒಂದೇ ರಾತ್ರಿಯಲ್ಲಿ. ಅಷ್ಟಕ್ಕೇ ಮುಗಿಯಲಿಲ್ಲ. ತೆವಳುತ್ತಾ ಇನ್ನೂರ ನಲವತ್ತಕ್ಕೆ ಬಂತು, ಮತ್ತೆ ಒಂದು ಬೆಳಗ್ಗೆ ಅರ್ಧಕ್ಕರ್ಧ ಬಿದ್ದು ನೂರ ಇಪ್ಪತ್ತೊಂದಾಯಿತು. ಮೊನ್ನೆಯ ಬೆಲೆ ನೂರ ತೊಂಬತ್ತು.

ಲೆಕ್ಕ ಸುಲಭ. ನಾನೂರಕ್ಕೆ ಕೊಂಡದ್ದು ನೂರ ತೊಂಬತ್ತಾಗಿದೆ, ಅರ್ಧಕ್ಕಿಂತ ಹೆಚ್ಚು ನೀರಿಗೆ ಹೋಯಿತು. ಎರಡು ಸಲ ನೆಲಕಚ್ಚಿದ ಕಂಪನಿ ಮೂರನೇ ಸಲ ಕಚ್ಚುವುದಿಲ್ಲ ಎಂದು ಯಾರು ಹೇಳಬೇಕು? ಮಾರಿಬಿಡು. ಅಪ್ಪನಿಗೆ ಈ ಅಂಕಿಗಳನ್ನು ಮಾತ್ರ ತೋರಿಸಬೇಡ. ಬಿದ್ದದ್ದು ಒಂದು ಸಲ ಎಂದಷ್ಟೇ ಅವರಿಗೆ ಗೊತ್ತು, ಎರಡನೆಯದು ತಿಳಿದರೆ ಸೂಜಿಯನ್ನೂ ಕೆಳಗಿಡುತ್ತಾರೆ.

ಕೋಟಿನ ಆರ್ಡರು ಬಿಟ್ಟುಬಿಡು. ಅಪ್ಪನನ್ನು ಪೀಡಿಸಬೇಡ.

ತಮ್ಮ


ಫೆಬ್ರವರಿ 14

ತಮ್ಮಾ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಆಮೇಲೆ ಸಿಟ್ಟು ಬಂತು. ಪೀಡಿಸಬೇಡ ಎಂದು ದೂರದಲ್ಲಿ ಕೂತು ಹೇಳುವುದು ಸುಲಭ. ಅಪ್ಪ ಒಂದೊಂದು ಗುಂಡಿ ಹೊಲಿಯುವಾಗಲೂ ನನ್ನ ಕಡೆ ತಿರುಗಿ, "ಇಲ್ಲಿಡಲಾ?" ಎಂದು ಕೇಳುತ್ತಾರಲ್ಲ, ಅದನ್ನು ನೀನು ಒಂದು ದಿನ ಕೇಳಿಸಿಕೊಂಡು ನೋಡು. ನಮಗೆ ಗುಂಡಿ ಇಡಲು ಕಲಿಸಿದವರು ಯಾರೋ?

ಇರಲಿ. ನಿನ್ನ ಅಂಕಿಯ ಮೇಲೆ ನನಗೆ ಅನುಮಾನ ಹುಟ್ಟಿತು. ಕಂಪನಿ ಒಂದೇ ರಾತ್ರಿಯಲ್ಲಿ ಮುಳುಗಿದ್ದರೆ ಅದರ ದಾರ ಬರುವುದಾದರೂ ನಿಲ್ಲಬೇಕಿತ್ತು. ಆ ವರ್ಷ ಹೊಸದಾಗಿ ಆರು ಬಣ್ಣದ ರೀಲು ಬಂದಿತ್ತು, ನನಗೆ ಚೆನ್ನಾಗಿ ನೆನಪಿದೆ, ಕಿತ್ತಳೆ ಬಣ್ಣಕ್ಕೆ ಅದಕ್ಕೆ ಮುಂಚೆ ನಾವು ಒಂದು ವರ್ಷ ಹುಡುಕಾಡಿದ್ದೆವು. ಹಾಗಾಗಿ ಅಪ್ಪ ಕಾಫಿ ಕುಡಿಯಲು ಹೋದಾಗ ಅಂಗಡಿಯ ಫೋನಿನಲ್ಲೇ ಕಂಪನಿಯ ಹಳೆಯ ಬೆಲೆಯ ಏರಿಳಿತ ತೋರಿಸುವ ಗೆರೆಚಿತ್ರ ತೆಗೆದೆ. ನೀನು ಹೇಳಿದ ದಿನ ಬೆಲೆ ಬಿದ್ದೇ ಇಲ್ಲ! ಗೆರೆ ಸಮಾಧಾನವಾಗಿ ಏರಿಕೊಂಡು ಹೋಗಿದೆ. ಎರಡನೆಯ ಸಲವೂ ಬಿದ್ದಿಲ್ಲ.

ಅದಕ್ಕಿಂತ ಭಯಂಕರ ಇನ್ನೊಂದು. ಅಪ್ಪ ಕೊಂಡ ದಿನಕ್ಕೆ ಬೆರಳಿಟ್ಟೆ. ಅಲ್ಲಿ ಬೆಲೆ ನಲವತ್ತು ಎಂದಿದೆ. ನಾನೂರಲ್ಲ, ನಲವತ್ತು. ಅಂದರೆ ಅವತ್ತು ಷೇರು ಕೊಡಿಸಿದ ಆ ದಲ್ಲಾಳಿ ನಲವತ್ತರದನ್ನು ಅಪ್ಪನಿಗೆ ನಾನೂರಕ್ಕೆ ಕಟ್ಟಿದ್ದಾನೆ! ಹತ್ತು ಪಟ್ಟು ಮೋಸ. ನಗುನಗುತ್ತಾ ಎರಡು ಪ್ಯಾಂಟು ಬಿಟ್ಟಿ ಹೊಲಿಸಿಕೊಂಡು ಹೋದ ಮನುಷ್ಯ. ನೀನೂ ಪತ್ರಿಕೆ ನೋಡಲೇ ಇಲ್ಲ, ಅಟ್ಟ ಹತ್ತಲು ಬೇಸರವಾಗಿ ನನ್ನ ಕಾಗದದ ನಾನೂರನ್ನೇ ನನಗೆ ವಾಪಸು ಬರೆದಿದ್ದೀಯ, ಅಲ್ಲವೇ?

ಇನ್ನೂ ಒಂದು ವಿಷಯ ಇದೆ. ಅದನ್ನು ಬರೆಯಲು ಧೈರ್ಯವಿಲ್ಲ.

ಅಕ್ಕ


ಫೆಬ್ರವರಿ 18

ಅಕ್ಕಾ,

ಜಗಳ ತಣ್ಣಗಾಗಿ ಮುಟ್ಟುತ್ತದೆ ಎಂದಿದ್ದೆ, ಬಿಸಿಬಿಸಿಯಾಗಿಯೇ ಮುಟ್ಟಿತು. ನನ್ನ ಮೂಗು ಇನ್ನೂ ಕೆಂಪಗಿದೆ, ಅಟ್ಟ ಹತ್ತಿದ್ದಕ್ಕೆ ಅದೇ ಸಾಕ್ಷಿ. ಆದರೂ ನಿನ್ನ ಸಮಾಧಾನಕ್ಕೆ ಆ ಪುಟದ ಪ್ರತಿ ತೆಗೆಸಿ ಇದರೊಳಗೆ ಇಟ್ಟಿದ್ದೇನೆ. ಕೆಂಪು ಗೆರೆ ಎಳೆದ ಸಾಲು ಓದು. ನಾನೂರು. ಪತ್ರಿಕೆ ಅವತ್ತಿನ ಬೆಲೆಯನ್ನು ಅವತ್ತೇ ಅಚ್ಚು ಹಾಕಿದ್ದು, ಆಮೇಲೆ ಯಾರೂ ತಿದ್ದಲು ಆಗುವುದಿಲ್ಲ. ಆ ದಲ್ಲಾಳಿ ಪಾಪ, ಮೋಸ ಮಾಡಿಲ್ಲ. ಅವನ ಪ್ಯಾಂಟುಗಳನ್ನು ಕ್ಷಮಿಸಿಬಿಡು.

ಆದರೆ ನೀನು ಹೇಳಿದ ಗೆರೆಚಿತ್ರವನ್ನು ನಾನೂ ನೋಡಿದೆ. ಅಲ್ಲಿ ನಲವತ್ತೇ ಇದೆ! ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಮಧ್ಯಾಹ್ನದ ಊಟ ಮರೆತೆ. ನಾನೂರಕ್ಕೆ ನಲವತ್ತು, ಆರುನೂರ ಐವತ್ತಕ್ಕೆ ಅರವತ್ತೈದು, ಎಂಟುನೂರ ಐದಕ್ಕೆ ಎಂಬತ್ತೂವರೆ. ಆ ಹಾಳು ಬೆಳಗಿನವರೆಗೆ ಎಲ್ಲವೂ ಸರಿಯಾಗಿ ಹತ್ತನೇ ಒಂದು ಪಾಲು. ಮೊದಲ ಕುಸಿತದಿಂದ ಎರಡನೇ ಕುಸಿತದವರೆಗೆ ಸರಿಯಾಗಿ ಅರ್ಧ. ಅಲ್ಲಿಂದ ಈಚೆಗೆ ಎರಡೂ ಒಂದೇ. ಯಾರೋ ಕಣ್ತಪ್ಪಿನಿಂದ ಬರೆದಿದ್ದರೆ ತಪ್ಪು ಇಷ್ಟು ಅಚ್ಚುಕಟ್ಟಾಗಿ ಇರುತ್ತದೆಯೇ? ಇಲ್ಲ. ಇದನ್ನು ಯಾರೋ ಬೇಕೆಂದೇ ಮಾಡಿದ್ದಾರೆ. ಯಾಕೆ ಎನ್ನುವುದು ನನ್ನ ತಲೆಗೆ ಹೊಳೆಯುತ್ತಿಲ್ಲ.

ಮಾರುವುದಿದ್ದರೆ ಸದ್ಯಕ್ಕೆ ನಿಲ್ಲಿಸು. ಮತ್ತೆ ಆ ಬರೆಯಲು ಧೈರ್ಯವಿಲ್ಲದ ವಿಷಯ ಏನು? ಅರ್ಧ ಹೇಳಿ ತಲೆಯಲ್ಲಿ ಹುಳ ಬಿಟ್ಟು ಕೂತಿದ್ದೀಯ. ಬೇಗ ಬರಿ.

ತಮ್ಮ


ಫೆಬ್ರವರಿ 21

ತಮ್ಮಾ,

ಬರೆಯುತ್ತೇನೆ. ಬೈಯಬೇಡ.

ನಿನಗೆ ಮೊದಲ ಕಾಗದ ಬರೆದ ಮೇಲೆ, ನಿನ್ನ ಉತ್ತರಕ್ಕೆ ಕಾಯಲು ಅಪ್ಪ ಒಪ್ಪದೆ, ಷೇರು ಮಾರಲೆಂದು ಅಪ್ಪನನ್ನು ದಲ್ಲಾಳಿ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಸಹಿ ಹಾಕಿ, "ನಂಗೆ ನೋಡೋಕಾಗಲ್ಲ, ನೀನೇ ಮಾರಿ ಬಾ" ಎಂದು ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಕಿಟಕಿಯ ಹುಡುಗಿ ಅಪ್ಪನ ಖಾತೆ ತೆರೆದು, "ಎಷ್ಟು ಮಾರ್ಬೇಕು ಮೇಡಂ?" ಎಂದಳು. ಎಲ್ಲಾ ನೂರೂ ಎಂದೆ. "ಎಲ್ಲಾನೂ ಅಂದ್ರೆ ಸಾವಿರ ಇದೆಯಲ್ಲ" ಎಂದಳು.

ಅಪ್ಪ ಕೊಂಡದ್ದು ನೂರು. ಬೇರೆ ಯಾರದೋ ಒಂಬೈನೂರು ಷೇರು ನಮ್ಮ ಖಾತೆಗೆ ಬಂದು ಕೂತಿದೆ! ನಾಳೆ ಅವರು ಬಂದು ಕೇಳಿದರೆ? ಕದ್ದವರು ಎಂದರೆ? ಆಮೇಲೆ ಬರುತ್ತೇನೆ ಎಂದು ಹೇಳಿ ಓಡಿಬಂದೆ. ಅಪ್ಪನಿಗೆ ಇವತ್ತು ಕಚೇರಿಯ ಯಂತ್ರ ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ಬಸ್ಸಿನಲ್ಲಿ ಯಾರು ನನ್ನ ಮುಖ ನೋಡಿದರೂ ಆ ಒಂಬೈನೂರು ಷೇರಿನ ಯಜಮಾನರೇ ಇರಬೇಕು ಎನಿಸುತ್ತಿತ್ತು.

ಯಾರೋ ಪಾಪ, ಅಪ್ಪನ ಹಾಗೆಯೇ ಕಷ್ಟಪಟ್ಟು ಕೊಂಡಿರುತ್ತಾರೆ. ವಾಪಸು ಕೊಡುವುದು ಹೇಗೆ ಎಂದು ನಿನ್ನ ಕಚೇರಿಯಲ್ಲಿ ತಿಳಿದವರನ್ನು ಕೇಳು. ನಮ್ಮ ಹೆಸರು ಹೇಳಬೇಡ.

ಅಕ್ಕ


ಫೆಬ್ರವರಿ 24

ಅಕ್ಕಾ!

ಈ ಕಾಗದವನ್ನು ಬೇಕೆಂದೇ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅಪ್ಪ ಮೊದಲು ಒಡೆದರೆ ಒಡೆಯಲಿ. ಅಪ್ಪಾ, ನೀವೇ ಓದುತ್ತಿದ್ದರೆ ಕನ್ನಡಕ ಹಾಕಿಕೊಂಡು, ಕೂತುಕೊಂಡು ಓದಿ.

ಅಕ್ಕಾ, ಆ ಒಂಬೈನೂರನ್ನು ಯಾರಿಗೂ ವಾಪಸು ಕೊಡಬೇಡ. ಅದು ಅಪ್ಪನದೇ!

ನಿನ್ನ ಕಾಗದದಲ್ಲಿ "ಸಾವಿರ" ಎಂದು ಓದಿದ ತಕ್ಷಣ ಕುರ್ಚಿಯಿಂದ ಎದ್ದುಬಿಟ್ಟೆ. ಬೆಲೆ ಹತ್ತನೇ ಒಂದು ಪಾಲು, ಷೇರು ಹತ್ತು ಪಟ್ಟು! ನಮ್ಮ ಪತ್ರಿಕೆಯಲ್ಲಿ ಮಾರುಕಟ್ಟೆ ಪುಟ ನೋಡಿಕೊಳ್ಳುವ ಮೇಡಂ ಬಳಿ ಓಡಿದೆ. ಅವರು ನನ್ನ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ವಾಪಸ್ ಕೊಡೋಕೆ ಹೊರಟಿದ್ದಾರಾ ನಿಮ್ಮಕ್ಕ? ಇಪ್ಪತ್ತು ವರ್ಷದಿಂದ ಈ ಕೆಲ್ಸದಲ್ಲಿದೀನಿ, ಇಂಥೋರನ್ನ ನೋಡಿಲ್ಲಪ್ಪ" ಎಂದರು. ಆಮೇಲೆ ಕಂಪನಿಯ ಹಳೆಯ ಪ್ರಕಟಣೆಗಳನ್ನು ತೆಗೆದು ತೋರಿಸಿದರು.

ಆ ಬೆಳಗ್ಗೆ ಕಂಪನಿ ಮುಳುಗಲಿಲ್ಲ. ಷೇರಿನ ಬೆಲೆ ಎಂಟುನೂರು ದಾಟಿ ಸಣ್ಣಪುಟ್ಟವರಿಗೆ ಕೊಳ್ಳಲು ಭಾರವಾಯಿತೆಂದು ಪ್ರತಿಯೊಂದು ಷೇರನ್ನೂ ಐದಾಗಿ ಸೀಳಿದರು. ಒಂದರ ಬೆಲೆ ಐದನೇ ಒಂದು ಪಾಲಾಯಿತು, ಅಪ್ಪನ ನೂರು ಐನೂರಾಯಿತು. ಎಂಟುನೂರ ಐದನ್ನು ಐದರಿಂದ ಭಾಗಿಸಿದರೆ ನೂರ ಅರವತ್ತೊಂದು. ಅವತ್ತು ಪತ್ರಿಕೆಯಲ್ಲಿ ಬಂದದ್ದು ನೂರ ಅರವತ್ಮೂರು. ಅಂದರೆ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ ದಿನ ಬೆಲೆ ನಿಜಕ್ಕೂ ಎರಡು ರೂಪಾಯಿ ಏರಿತ್ತು! ಎರಡನೇ ಸಲ ಒಂದು ಷೇರಿಗೆ ಇನ್ನೊಂದನ್ನು ಬಿಟ್ಟಿಯಾಗಿ ಕೊಟ್ಟರು. ಬೆಲೆ ಅರ್ಧ, ಷೇರು ಎರಡರಷ್ಟು. ಐನೂರು ಸಾವಿರವಾಯಿತು.

ಪತ್ರಿಕೆಯದು ಅವತ್ತಿನ ಬೆಲೆ. ಅದೂ ಸುಳ್ಳಲ್ಲ. ಗೆರೆಚಿತ್ರ ಮಾಡುವವರು ಹಳೆಯ ಬೆಲೆಗಳನ್ನೆಲ್ಲ ಇವತ್ತಿನ ಷೇರಿನ ಲೆಕ್ಕಕ್ಕೆ ಇಳಿಸಿ ಬರೆಯುತ್ತಾರೆ, ಹಾಗಾಗಿ ನಾನೂರು ನಲವತ್ತಾಗಿ ಕಾಣುತ್ತದೆ. ಅದೂ ಸುಳ್ಳಲ್ಲ. ನಾನು ಅಲ್ಲಿಂದ ಒಂದು ಅಂಕಿ, ಇಲ್ಲಿಂದ ಒಂದು ಅಂಕಿ ಎತ್ತಿ ಹೋಲಿಸಿ, ದೊಡ್ಡ ಪಂಡಿತನ ಹಾಗೆ ಮಾರಿಬಿಡು ಎಂದೆ. ಆ ಕಾಗದವನ್ನು ಒಲೆಗೆ ಹಾಕು. ಈಗ ಸರಿಯಾದ ಲೆಕ್ಕ ಕೇಳು: ನಲವತ್ತಕ್ಕೆ ಕೊಂಡದ್ದು ಇವತ್ತು ನೂರ ತೊಂಬತ್ತು. ಹೆಚ್ಚುಕಡಿಮೆ ಐದು ಪಟ್ಟು! ಮೇಡಂ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಗೆರೆಚಿತ್ರದ ನಲವತ್ತನ್ನು ಮತ್ತೆ ಹತ್ತರಿಂದ ಭಾಗಿಸಿ ಐವತ್ತು ಪಟ್ಟು ಎಂದು ಕುಣಿಯಬೇಡಿ, ಅದು ಈಗಾಗಲೇ ಭಾಗಿಸಿದ್ದು. ಹಳೆಯ ಬೆಲೆ ಬಂದ ದಾರಿಯನ್ನು ಹೇಳುತ್ತದೆಯೇ ಹೊರತು ನಾಳೆಯದನ್ನಲ್ಲ ಎಂದೂ ಹೇಳಿದರು.

ವರ್ಷಕ್ಕೊಮ್ಮೆ ಅಪ್ಪನ ಬ್ಯಾಂಕ್ ಖಾತೆಗೆ "ಬಡ್ಡಿ" ಬೀಳುತ್ತದಲ್ಲ, ಅದನ್ನೂ ಒಮ್ಮೆ ವಿಚಾರಿಸು. ಕಂಪನಿ ಪ್ರತಿವರ್ಷ ಲಾಭದಲ್ಲಿ ಪಾಲು ಹಂಚಿದೆಯಂತೆ.

ಅಪ್ಪಾ, ನೀವು ಸೋತಿಲ್ಲ. ಒಂದು ದಿನವೂ ಸೋತಿರಲಿಲ್ಲ. ದಾರ ಹಿಡಿದು ನೋಡಿ ಕಂಪನಿಯನ್ನು ಅಳೆದಿರಿ, ಅಳತೆ ಸರಿಯಾಗಿತ್ತು.

ನಿಮ್ಮ ಮಗ, ಅವಳ ತಮ್ಮ


ಫೆಬ್ರವರಿ 28

ತಮ್ಮಾ,

ನಿನ್ನ ಕಾಗದ ನಿನ್ನೆ ಬಂತು. ಅಂಚೆಯವನು ನೇರವಾಗಿ ಅಪ್ಪನ ಕೈಗೇ ಕೊಟ್ಟ. ನಾನು ತೋಳು ಜೋಡಿಸುತ್ತಿದ್ದೆ, ಎದ್ದು ಕಿತ್ತುಕೊಳ್ಳೋಣವೆಂದರೆ ಸೂಜಿ ಬಟ್ಟೆಯ ಮಧ್ಯದಲ್ಲಿತ್ತು. ಅಪ್ಪ ಒಡೆದರು. ಕನ್ನಡಕ ಹಾಕಿಕೊಂಡರು. ಕೂತರು. ಆಮೇಲೆ ಒಂಬೈನೂರೂ ಅವರದೇ ಎಂದು ನೀನು ಬರೆದದ್ದು ಕಣ್ಣಿಗೆ ಬಿದ್ದಿರಬೇಕು, ಕೂತಿದ್ದವರು ಎದ್ದು ನಿಂತರು.

ಎರಡು ಸಲ ಓದಿದರು. ನಾನು ಯಂತ್ರ ನಿಲ್ಲಿಸಿ ಅವರನ್ನೇ ನೋಡುತ್ತಿದ್ದೆ.

"ಐದು ತುಂಡು ಮಾಡಿದ್ರಾ?" ಎಂದರು.

"ಹೂಂ ಅಪ್ಪ."

"ಬಟ್ಟೆ ಏನೂ ವೇಸ್ಟ್ ಆಗಿಲ್ಲ?"

"ಒಂದು ಎಳೆನೂ ಹೋಗಿಲ್ಲ ಅಪ್ಪ. ಎಲ್ಲಾ ನಿಮ್ಮ ಹತ್ರಾನೇ ಇದೆ."

ಕೊರಳಲ್ಲಿ ನೇತಾಡುತ್ತಿದ್ದ ಟೇಪು ತೆಗೆದರು. ಇಂಚಿನ ಕಡೆ ಮೂವತ್ತಾರಕ್ಕೆ ಉಗುರು ಒತ್ತಿ ಹಿಡಿದು ನನಗೆ ತೋರಿಸಿದರು. ಉಗುರು ಕದಲಿಸದೆ ಟೇಪನ್ನು ಮಗುಚಿದರು. ಸೆಂಟಿಮೀಟರಿನ ಕಡೆ ತೊಂಬತ್ತೊಂದು. "ಎದೆ ಒಂದೇ ಕಣೇ" ಎಂದರು. "ನಾನು ಈ ಕಡೆ ಅಳತೆ ತಗೊಂಡು ಆ ಕಡೆ ಓದಿದೆ. ದರ್ಜಿ ಆಗಿ! ಅಂಗಡೀಲಿ ಹೊಸಬ ಯಾರಾದ್ರೂ ಹಿಂಗೆ ಮಾಡಿದ್ರೆ ಕಿವಿ ಹಿಂಡ್ತಿದ್ದೆ."

ಆಮೇಲೆ ಅಳತೊಡಗಿದರು. ಬಾಗಿಲು ತೆರೆದೇ ಇತ್ತು, ಗಿರಾಕಿಯೊಬ್ಬರು ಬಂದು ಹಾಗೆಯೇ ಹಿಂದೆ ಸರಿದರು, ಅಪ್ಪನಿಗೆ ಅದರ ಗೊಡವೆಯೇ ಇರಲಿಲ್ಲ. "ಇಷ್ಟು ವರ್ಷ ಕಣಮ್ಮ, ಅಣ್ಣ ಬೀಗದಂಗಡಿ ಬಾಗಿಲು ತೆಗೆಯೋ ಸದ್ದು ಕೇಳಿದ್ರೂ ನಾಚಿಕೆ ಆಗೋದು ನಂಗೆ" ಎಂದರು. ನನಗೂ ತಡೆಯಲಾಗಲಿಲ್ಲ. ಅಪ್ಪ, ಮಗಳು ಇಬ್ಬರೂ ಅಳುತ್ತಾ ನಗುತ್ತಾ ನಿಂತಿದ್ದೆವು. ಕಾಲರಿನ ಅಚ್ಚುಗಳ ಡಬ್ಬಿ ತೆಗೆದು ನೋಡಿದೆವು, ಷೇರು ಸೀಳಿದ ಸುದ್ದಿ ಅದರಲ್ಲಿ ಎಲ್ಲಾದರೂ ಇದೆಯೇ ಎಂದು. ಕಾಲರಿನ ಆಕಾರಕ್ಕೆ ಸಿಕ್ಕ ಅರ್ಧರ್ಧ ವಾಕ್ಯಗಳು ಬಿಟ್ಟರೆ ಏನೂ ಇರಲಿಲ್ಲ. ಊರಿನ ಅರ್ಧ ಜನರ ಕುತ್ತಿಗೆಗೆ ಆ ಸುದ್ದಿಯ ಅಳತೆಯಲ್ಲೇ ಕಾಲರು ಕೂತಿದೆ, ಓದಿದವರು ಮಾತ್ರ ಯಾರೂ ಇಲ್ಲ! ಬ್ಯಾಂಕಿನ ಬಡ್ಡಿಯ ವಿಷಯವೂ ನೀನು ಹೇಳಿದಂತೆಯೇ. ಅದು ಕಂಪನಿ ಕೊಟ್ಟದ್ದು. ನನ್ನ ಹೊಸ ಯಂತ್ರ ಬಂದದ್ದು ಆ ದುಡ್ಡಿನಲ್ಲೇ.

ಮುಖ ತೊಳೆದುಕೊಂಡು ಬಂದು ಅಪ್ಪ ಕೇಳಿದ ಮೊದಲ ಮಾತು: "ಬ್ಯಾಂಡಿನೋರ ಬಟ್ಟೆ ಎಲ್ಲಿಟ್ಟಿದೀಯ?"

ತಮ್ಮಾ, ನೀನು ನೋಡಬೇಕಿತ್ತು! ಕಟಿಂಗ್ ಟೇಬಲ್ಲಿನ ಮೇಲಿದ್ದುದನ್ನೆಲ್ಲ ಒಂದೇ ಕೈಯಲ್ಲಿ ಬದಿಗೆ ತಳ್ಳಿದರು. ಮಾದರಿಗೆಂದು ಬ್ಯಾಂಡಿನವರು ಬಿಟ್ಟುಹೋಗಿದ್ದ ನೀಲಿ ಬಟ್ಟೆ ಹಾಸಿದರು. ಗೋಡೆಯ ಮೊಳೆಯಿಂದ ದೊಡ್ಡ ಕತ್ತರಿ ಇಳಿಸಿ, ಹೆಬ್ಬೆರಳಿನಿಂದ ಅಲಗು ನೋಡಿ, "ಸಾಣೆ ಯಾರು ಹಿಡಿಸ್ತಿದ್ರು?" ಎಂದರು. ನಾನೇ, ಪ್ರತಿವರ್ಷ ಎಂದೆ. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟರು. ಸೀಮೆಸುಣ್ಣದಲ್ಲಿ ನಾಲ್ಕೇ ನಾಲ್ಕು ಗುರುತು ಹಾಕಿ ಕತ್ತರಿ ಇಟ್ಟವರು ಕಂಕುಳ ಸುತ್ತಿನವರೆಗೆ ಎಲ್ಲಿಯೂ ನಿಲ್ಲಲಿಲ್ಲ. "ಇಲ್ಲಿಡಲಾ?" ಎಂದು ಕೇಳಲಿಲ್ಲ. ನಾನೇ ತಡೆಯಲಾರದೆ, "ಅಪ್ಪ, ಹೆಗಲು ಸ್ವಲ್ಪ ಬಿಗಿ ಆಗಲ್ವಾ?" ಎಂದದ್ದಕ್ಕೆ, "ಸುಮ್ನಿರೇ, ನಂಗೆ ಹೇಳ್ಕೊಡ್ತಾಳೆ" ಎಂದು ಗದರಿದರು. ಅಷ್ಟು ಒಳ್ಳೆಯ ಬೈಗುಳವನ್ನು ನಾನು ಈಚೆಗೆ ಕೇಳಿಯೇ ಇರಲಿಲ್ಲ.

ಇವತ್ತು ಬ್ಯಾಂಡಿನ ಮೇಷ್ಟ್ರು ಬಂದು ಮಾದರಿ ಕೋಟು ತೊಟ್ಟು ಕನ್ನಡಿಯ ಮುಂದೆ ತುತ್ತೂರಿ ಎತ್ತಿ ಹಿಡಿದು ನೋಡಿದರು. ಕೋಟು ಎಲ್ಲೂ ಎಳೆಯಲಿಲ್ಲ. ನಲವತ್ತೂ ನಮ್ಮದೇ.

ಅಕ್ಕ


ಮಾರ್ಚ್ 12

ಮಗನೇ,

ನಾನು ಕಾಗದ ಬರೆದವನಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಗೆರೆ ನೆಟ್ಟಗೆ ಬರುವುದು ನನಗೆ ಬಟ್ಟೆಯ ಮೇಲೆ ಮಾತ್ರ.

ಇಪ್ಪತ್ತಾರು ಕೋಟು ಕತ್ತರಿಸಿದ್ದೇನೆ. ನಿನ್ನ ಅಕ್ಕ ಹೊಲಿದು ಹೊಲಿದು ನನ್ನನ್ನು ಶಪಿಸುತ್ತಿದ್ದಾಳೆ. ಅಂಗಡಿಯಲ್ಲಿ ಈಗ ನನ್ನ ಮಾತು ನಡೆಯುತ್ತದೆ, ಅದೇ ಅವಳ ತಕರಾರು.

ಷೇರಿನ ವಿಷಯ. ಬೆಲೆಯ ಪುಟವನ್ನು ದಿನಾ ಓದುತ್ತಿದ್ದೇನೆ. ಮೊದಲು ಆ ದಿನ ಕಂಪನಿ ಏನು ಮಾಡಿತು ನೋಡುತ್ತೇನೆ, ಆಮೇಲೆ ಬೆಲೆ. ಯೋಚಿಸಿ ನೂರು ಷೇರು ಮಾರಿದೆ. ಯಾರನ್ನೂ ಕೇಳಲಿಲ್ಲ. ಆ ದುಡ್ಡಿನಲ್ಲಿ ಅಂಗಡಿಗೆ ಆಳೆತ್ತರದ ಕನ್ನಡಿ ಬಂತು, ನಿನ್ನ ಮೇಡಂಗೆ ಒಂದು ಜಾಕೆಟ್ಟಿನ ಬಟ್ಟೆ ತೆಗೆದಿಟ್ಟಿದ್ದೇನೆ. ಕನ್ನಡಿ ಇಳಿಸುವಾಗ ಅಣ್ಣ ಬಂದು, "ಕೊನೆಗೂ ಆ ನೂರು ಷೇರು ಮಾರಿದ್ಯಾ? ಬಿಡು, ಪೀಡೆ ಹೋಯ್ತು" ಎಂದ. ಹೌದಣ್ಣ, ನೂರೂ ಮಾರಿದೆ ಎಂದೆ. ಉಳಿದ ಒಂಬೈನೂರರ ಸುದ್ದಿ ಅವನಿಗೆ ಕೋಟುಗಳು ಮುಗಿದ ದಿನ ಹೇಳುತ್ತೇನೆ. ಅಲ್ಲಿಯವರೆಗೆ ಒಳಗೊಳಗೇ ನಗಲು ನನಗೂ ಏನಾದರೂ ಬೇಕಲ್ಲ.

ನಿನ್ನ ಅಕ್ಕನಿಗೆ ಕೋಟು ಕತ್ತರಿಸುವುದನ್ನು ಕಲಿಸಲು ಶುರುಮಾಡಿದ್ದೇನೆ. ಇದನ್ನು ಮೊದಲೇ ಕಲಿಸಬೇಕಿತ್ತು. ಕೈ ನಡುಗುತ್ತದೆ ಎಂದಳು. ನನ್ನದೂ ನಡುಗುತ್ತಿತ್ತು, ಕತ್ತರಿ ಇಟ್ಟ ಮೇಲೆ ನಿಂತಿತು ಎಂದೆ.

ಕಡುನೀಲಿ ಬಟ್ಟೆಯಲ್ಲಿ ಒಂದು ಕೋಟಿಗೆ ಆಗುವಷ್ಟು ಹೆಚ್ಚಾಗಿ ತರಿಸಿದ್ದೇನೆ. ಅದು ನಿನಗೆ. ನಿನ್ನ ಹಳೆಯ ಅಳತೆ ಗೋಡೆಯ ಮೇಲೆ ಇದೆ, ಆದರೆ ನೀನು ಆವಾಗ ಕಡ್ಡಿಯ ಹಾಗಿದ್ದೆ. ಎದೆ, ಸೊಂಟ, ಹೆಗಲು, ತೋಳು, ಎಲ್ಲವನ್ನೂ ಹೊಸದಾಗಿ ಯಾರ ಕೈಯಲ್ಲಾದರೂ ತೆಗೆಸು. ಇಂಚಿನಲ್ಲೋ ಸೆಂಟಿಮೀಟರಿನಲ್ಲೋ ಎಂದು ಪಕ್ಕದಲ್ಲಿ ತಪ್ಪದೆ ಬರಿ. ಅಥವಾ ಅದೆಲ್ಲ ಬೇಡ, ನೀನೇ ಬಾ. ನನ್ನ ಟೇಪಿನಲ್ಲಿ ನಾನೇ ಅಳೆಯುತ್ತೇನೆ.

ಅಪ್ಪ